ಮಂಡ್ಯದಂಥ ಕಾಲೇಜು ಊರಿನಲ್ಲಿ ಜನಪದ ಸಂಜೆಯೊಂದನ್ನು ನಡೆಸುವ ಬಗೆ

ಮಂಡ್ಯಕ್ಕೆ ದೊಡ್ಡ ಸಮಾರಂಭಗಳು ಹೊಸತಲ್ಲ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1974, 1994 ಮತ್ತು 2024ರಲ್ಲಿ, ಹೀಗೆ ಮೂರು ಬಾರಿ ಈ ಊರಿನಲ್ಲಿ ನಡೆದಿದೆ. ಸೀನರಿ ಕಟ್ಟಿಸಿ, ಡ್ರಾಮಾ ಮೇಷ್ಟರನ್ನು ಕರೆಸಿ, ರಾತ್ರಿಯಿಡೀ ಪೌರಾಣಿಕ ನಾಟಕವಾಡುವ ಹುಮ್ಮಸ್ಸು ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಆದರೂ, 1962ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ವಿದ್ಯಾರ್ಥಿಗಳ ಊರಾಗಿಯೂ ಬೆಳೆದಿರುವ ಇಲ್ಲಿ, ಓದಲು ಬಂದವರು ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದೂ ಹತ್ತಿರದ ಹಳ್ಳಿಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿಯ ದನಿಯನ್ನು ಒಮ್ಮೆಯೂ ಕೇಳದೆ ಹಿಂದಿರುಗುವುದುಂಟು. ಇನ್ನೂರು ಮುನ್ನೂರು ಜನ ಕುಳಿತು ಕೇಳುವ ಒಂದು ಜನಪದ ಸಂಜೆಯನ್ನು ಒಂದು ಕಾಲೇಜಿನ ಕನ್ನಡ ಸಂಘವಾಗಲಿ ಒಂದು ಬಡಾವಣೆಯ ನಿವಾಸಿಗಳಾಗಲಿ ತಾವೇ ನಡೆಸುವುದು ಹೇಗೆಂಬುದನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಕಾರ್ಯಕ್ರಮದಲ್ಲಿ ನಾನೂ ಸ್ವಯಂಸೇವಕನಾಗಿದ್ದೆ. ಕಂಚಿನ ತಾಳ ಹಿಡಿದು ಮಹದೇಶ್ವರನ ಕಥೆ ಹಾಡುವ, ಮಳವಳ್ಳಿ ಕಡೆಯ ಕಂಸಾಳೆ ಮೇಳದವರು ಸಂಜೆ 5 ಗಂಟೆಗೇ ಬಂದು ವೇದಿಕೆಯ ಹಿಂದೆ ಕುಳಿತಿದ್ದರು. ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಭಾಷಣ ಎಂದು ಸಭೆ ಮುಗಿಯುವಷ್ಟರಲ್ಲಿ 9 ಗಂಟೆಯಾಯಿತು. ಹಾಸ್ಟೆಲಿನ ಹುಡುಗಿಯರು ಎದ್ದುಹೋದರು, ಹಳ್ಳಿಗಳ ಕಡೆಯ ಬಸ್ಸಿಗೆಂದು ಉಳಿದವರೂ ಹೊರಟರು. ಮೇಳದ ಹಿರಿಯರು ಹತ್ತು ನಿಮಿಷ ಹಾಡಿ, ಯಾರನ್ನೂ ದೂರದೆ, ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಆ ರಾತ್ರಿ ಕಲಿತ ಪಾಠವೇ ಈ ಬರಹದ ಆಧಾರ: ಕಲಾವಿದರ ಹೊತ್ತನ್ನು ಮೊದಲು ಗೊತ್ತುಮಾಡಬೇಕು, ಉಳಿದ ಹೊತ್ತನ್ನಷ್ಟೇ ಬೇರೆಯವರಿಗೆ ಹಂಚಬೇಕು.

ಮೊದಲ ಹೆಜ್ಜೆ: ಯಾವ ಕಲೆ, ಎಷ್ಟು ಕಲೆ

ಒಂದು ಸಂಜೆಗೆ ಎರಡು ಕಲಾಪ್ರಕಾರಗಳು ಸಾಕು. ಎಂಟು ತಂಡಗಳನ್ನು ಕರೆಸಿ ಪ್ರತಿಯೊಂದಕ್ಕೂ ಹತ್ತು ನಿಮಿಷ ಕೊಟ್ಟರೆ ಅದು ಮೆರವಣಿಗೆಯಾದೀತೇ ಹೊರತು ಯಾವ ಕಲೆಯೂ ಕೇಳುಗರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕುಣಿತದ ಒಂದು ಪ್ರಕಾರ ಮತ್ತು ಹಾಡಿಕೆಯ ಒಂದು ಪ್ರಕಾರವನ್ನು ಜೊತೆಮಾಡುವುದು ನನ್ನ ಅನುಭವದಲ್ಲಿ ಅತ್ಯುತ್ತಮ ಹೊಂದಾಣಿಕೆ. ತಮಟೆಯೊಡನೆ ಪೂಜಾ ಕುಣಿತ ಜನರನ್ನು ಕರೆದು ಸೇರಿಸುತ್ತದೆ, ತಂಬೂರಿ ಪದ ಅವರನ್ನು ಹಿಡಿದು ಕೂರಿಸುತ್ತದೆ.

ಆಯ್ಕೆ ಮಾಡುವಾಗ ಪ್ರತಿ ಕಲೆಯ ಬೇಡಿಕೆಯನ್ನೂ ತಿಳಿದಿರಬೇಕು. ಪಟ ಕುಣಿತದವರು ಹೊರುವ ಬಿದಿರಿನ ಪಟ 10ರಿಂದ 15 ಅಡಿ ಎತ್ತರವಿರುತ್ತದೆ. ಫ್ಯಾನು ತೂಗುಹಾಕಿದ ಸಭಾಂಗಣದೊಳಗೆ ಅದನ್ನು ಎತ್ತಿ ಕುಣಿಯಲಾಗದು, ಬಯಲೇ ಬೇಕು. ಪೂಜಾ ಕುಣಿತದಲ್ಲಿ ದೇವರ ಪೂಜೆಯ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಕೈ ಮುಟ್ಟಿಸದೆ ಕುಣಿಯುವುದರಿಂದ ನೆಲ ಸಮತಟ್ಟಾಗಿರಬೇಕು, ಜಮಖಾನದ ಮಡಿಕೆಯಾಗಲಿ ಮೈಕಿನ ವೈರಾಗಲಿ ಕಾಲಿಗೆ ತೊಡರಬಾರದು. ಚರ್ಮದ ತಮಟೆಯನ್ನು ಬಡಿಯುವ ಮುನ್ನ ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಅದಕ್ಕೆಂದು ಶಾಮಿಯಾನದಿಂದ ದೂರದಲ್ಲಿ ಒಂದಿಷ್ಟು ಹುಲ್ಲು, ಒಂದು ಬಕೆಟ್ ನೀರು ಮತ್ತು ಬೆಂಕಿಯ ಬಳಿ ನಿಲ್ಲುವ ಒಬ್ಬ ಹುಡುಗನನ್ನು ಗೊತ್ತುಮಾಡಿಡಿ. ದೊಡ್ಡ ಮುಖವಾಡ ಧರಿಸಿ ಕುಣಿಯುವ ಸೋಮನ ಕುಣಿತ ಗ್ರಾಮದೇವತೆಯ ಸೇವೆಗೆ ಸೇರಿದ್ದು. ಆ ಮುಖಗಳನ್ನು ಊರ ಹೊರಗೆ ತರಲು ದೇವಸ್ಥಾನದವರ ಒಪ್ಪಿಗೆ ಬೇಕೇ, ಪೂಜೆಯ ಕ್ರಮವೇನು ಎಂಬುದನ್ನು ಕೇಳಿ ತಿಳಿಯದೆ ಆಹ್ವಾನಿಸುವುದು ತಪ್ಪು.

ಹಾಡಿಕೆಯ ಕಲೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ತಿಳಿವಳಿಕೆ ಅಗತ್ಯ. ಮಂಟೇಸ್ವಾಮಿ ಪರಂಪರೆಯ ನೀಲಗಾರರಾಗಲಿ, ಮಲೆಯ ಮಹದೇಶ್ವರನ ಒಕ್ಕಲಾದ ದೇವರ ಗುಡ್ಡರಾಗಲಿ ಹಾಡುವುದು ರಾತ್ರಿಗಟ್ಟಲೆ ನಡೆಯುವ ಕಾವ್ಯ. ಅದನ್ನು ಒಂದೂವರೆ ಗಂಟೆಗೆ ಸಂಗ್ರಹಿಸಿ ಹೇಳಿ ಎಂದು ಕೇಳಿದರೆ ಕಥೆಯೂ ಕೆಡುತ್ತದೆ, ಹಾಡುವವರಿಗೂ ಸಂಕಟವಾಗುತ್ತದೆ. ಈ ಕಾವ್ಯಗಳು ಸಾಲುಗಳಾಗಿ, ಅಂದರೆ ಕಥೆಯ ಭಾಗಗಳಾಗಿ ವಿಂಗಡಗೊಂಡಿವೆ. ಮಹದೇಶ್ವರ ಕಾವ್ಯದ ಸಂಕಮ್ಮನ ಸಾಲು ಅಥವಾ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲು ಎಂದು ಒಂದನ್ನು ಹೆಸರಿಸಿ, ಅದರಲ್ಲಿ ಎಲ್ಲಿಂದ ಎಲ್ಲಿಯವರೆಗೆ ಹಾಡಬಹುದೆಂಬುದನ್ನು ಹಾಡುವವರಿಗೇ ಬಿಡಬೇಕು. ಕಂಸಾಳೆಯಲ್ಲಿಯೂ ಕುಳಿತು ಕಥೆ ಹಾಡುವ ಕ್ರಮ ಬೇರೆ, ಬೀಸು ಕಂಸಾಳೆಯ ಕುಣಿತ ಬೇರೆ. ನಿಮಗೆ ಯಾವುದು ಬೇಕೆಂದು ಮೊದಲೇ ಸ್ಪಷ್ಟಪಡಿಸದಿದ್ದರೆ ಹಾಡುವ ಹಿರಿಯರನ್ನು ನಿರೀಕ್ಷಿಸಿದ ಕಡೆ ಕುಣಿಯುವ ಹುಡುಗರ ತಂಡ ಬಂದು ನಿಂತೀತು.

ಸೋಬಾನೆ ಪದದವರನ್ನು ಕರೆಸಬೇಕೆಂದರೆ ಇನ್ನೊಂದು ಸೂಕ್ಷ್ಮವಿದೆ. ಮದುವೆ ಮನೆಯ ಜಗಲಿಯಲ್ಲಿ ಕುಳಿತು ಗಂಟೆಗಟ್ಟಲೆ ಹಾಡಬಲ್ಲ ಅವ್ವಂದಿರನ್ನು ಮೈಕಿನ ಕಂಬದೆದುರು ಸಾಲಾಗಿ ನಿಲ್ಲಿಸಿದರೆ ಪದವೇ ಮರೆತುಹೋಗುತ್ತದೆ. ಚಾಪೆ ಹಾಸಿ, ಎದುರುಬದುರಾಗಿ ಎರಡು ಗುಂಪು ಕೂರಿಸಿ, ನಡುವೆ ಕುಳ್ಳಗಿನ ಸ್ಟ್ಯಾಂಡಿನಲ್ಲಿ ಮೈಕ್ ಇಟ್ಟು, ಕೈಗೆ ಒಂದಿಷ್ಟು ಎಲೆಯಡಿಕೆ ಕೊಟ್ಟರೆ ಒಬ್ಬರು ಎತ್ತಿದ ಸೊಲ್ಲನ್ನು ಇನ್ನೊಬ್ಬರು ತಾನಾಗಿ ಹಿಡಿಯುತ್ತಾರೆ.

ವೀಳ್ಯ ಕೊಡುವುದು

ಕಲಾವಿದರನ್ನು ಹುಡುಕಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲು ವಿಚಾರಿಸಿ. ಕನ್ನಡ ವಿಭಾಗದ ಅಧ್ಯಾಪಕರು, ಜಾತ್ರೆ ನಡೆಸುವ ದೇವಸ್ಥಾನಗಳ ಯಜಮಾನರು, ತರಗತಿಯಲ್ಲೇ ಇರುವ ಕಲಾವಿದರ ಮಕ್ಕಳು ಮೊಮ್ಮಕ್ಕಳು ಅದಕ್ಕಿಂತಲೂ ಹತ್ತಿರದ ದಾರಿ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಹಾಡುಗಾರರನ್ನು ಹುಡುಕಿಕೊಂಡು ಊರೂರು ಅಲೆದು ಸಂಗ್ರಹಿಸಿದ್ದು ಮುಂದೆ ರಾಮನಗರದ ಜಾನಪದ ಲೋಕವೆಂಬ ವಸ್ತುಸಂಗ್ರಹಾಲಯದಲ್ಲಿ ನೆಲೆಗೊಂಡಿತು. ನಾವು ಅಷ್ಟು ಅಲೆಯಬೇಕಾಗಿಲ್ಲ, ಒಂದು ಭಾನುವಾರ ಬಸ್ಸು ಹತ್ತಿ ಕಲಾವಿದರ ಹಳ್ಳಿಗೆ ಹೋಗಿಬಂದರೆ ಸಾಕು.

ಈ ಭೇಟಿಯನ್ನು ಫೋನಿನಲ್ಲಿ ಮುಗಿಸಬೇಡಿ. ಎಲೆ, ಅಡಿಕೆ, ಬಾಳೆಹಣ್ಣು ಮತ್ತು ಮುಂಗಡದ ಹಣವನ್ನು ತಟ್ಟೆಯಲ್ಲಿಟ್ಟು ವೀಳ್ಯ ಕೊಡುವುದು ನಮ್ಮ ಸೀಮೆಯ ಪದ್ಧತಿ. ವೀಳ್ಯ ಹಿಡಿದ ಮೇಲೆ ಆ ದಿನ ನಿಮ್ಮದೆಂದು ಅವರು ತಿಳಿಯುತ್ತಾರೆ, ಮಾತಿಗೆ ತಪ್ಪುವುದು ವಿರಳ. ಹಿರಿಯರನ್ನು ಅಯ್ಯಾ, ಅಣ್ಣಾ, ಅವ್ವಾ ಎಂದು ಕರೆದು ಮಾತನಾಡಿ. ಪದವಿ ಓದುವ ಹುಡುಗನೊಬ್ಬ ಎಪ್ಪತ್ತು ದಾಟಿದವರನ್ನು ಬರಿಯ ಹೆಸರು ಹಿಡಿದು ಕೂಗುವುದನ್ನು ನಾನು ಕೇಳಿದ್ದೇನೆ, ಅಂಥ ಕಡೆ ಹಾಡು ಅರ್ಧ ಅಲ್ಲೇ ಆರಿಹೋಗುತ್ತದೆ. ಆ ಭೇಟಿಯಲ್ಲಿ ಕೇಳಿ ಬರೆದುಕೊಳ್ಳಬೇಕಾದ ವಿಷಯಗಳು ಇಷ್ಟು: ಮೇಳದಲ್ಲಿ ಎಷ್ಟು ಜನ, ಅವರ ಹೆಸರುಗಳು ಅವರೇ ಹೇಳುವ ರೀತಿಯಲ್ಲಿ, ಒಟ್ಟು ಸಂಭಾವನೆ ಎಷ್ಟು, ಬರುವ ಹೋಗುವ ವಾಹನ ಯಾರದು, ಊಟದಲ್ಲಿ ಯಾವ ನಿಯಮವಿದೆ, ಹಾಡುವ ಮುಂಚೆ ಪೂಜೆಗೆ ಏನು ಬೇಕು. ಸಂಭಾವನೆಯಲ್ಲಿ ಚೌಕಾಸಿ ಮಾಡಬೇಡಿ. ಕೂಲಿ ಬಿಟ್ಟು ಬರುವವರಿಗೆ ಒಂದು ರಾತ್ರಿಯ ಕಾರ್ಯಕ್ರಮವೆಂದರೆ ಎರಡು ದಿನದ ದುಡಿಮೆ ತಪ್ಪಿದಂತೆ. ಹಣ ಸಾಲದಿದ್ದರೆ ಶಾಮಿಯಾನದ ಅಲಂಕಾರವನ್ನು ಕಡಿಮೆ ಮಾಡಿ.

ದಿನ ಗೊತ್ತುಮಾಡುವ ಲೆಕ್ಕ

ಕಾಲೇಜಿನ ವೇಳಾಪಟ್ಟಿಯನ್ನಷ್ಟೇ ನೋಡಿ ದಿನ ಇಡುವುದು ಸಾಮಾನ್ಯ ತಪ್ಪು. ಇಲ್ಲಿ ನಾಲ್ಕು ಪಂಚಾಂಗಗಳನ್ನು ಒಟ್ಟಿಗೆ ಹರಡಿಕೊಂಡು ನೋಡಬೇಕು: ಪರೀಕ್ಷೆಯದು, ಬೇಸಾಯದ್ದು, ಜಾತ್ರೆಯದು ಮತ್ತು ಮಳೆಯದು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ನಡೆಯುವಾಗ, ಭತ್ತದ ಕೊಯ್ಲಾಗುವಾಗ ಮೇಳದ ಅರ್ಧ ಜನ ಗದ್ದೆಯಲ್ಲಿರುತ್ತಾರೆ. ಜನವರಿಯ ಹುಣ್ಣಿಮೆಯಿಂದ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ, ಶಿವರಾತ್ರಿಯ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟ ಮತ್ತು ಕಪ್ಪಡಿಯ ಜಾತ್ರೆಗಳು ನಡೆಯುವುದರಿಂದ ನೀಲಗಾರರೂ ದೇವರ ಗುಡ್ಡರೂ ಆ ದಿನಗಳಲ್ಲಿ ಸಿಗುವುದಿಲ್ಲ, ಸಿಗಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ದಸರೆಗೆ ಕುಣಿತದ ತಂಡಗಳು ಮೈಸೂರು ಮತ್ತು ಶ್ರೀರಂಗಪಟ್ಟಣಕ್ಕೆ ಹೋಗುತ್ತವೆ. ನವೆಂಬರಿನಲ್ಲಿ ರಾಜ್ಯೋತ್ಸವದ ಕಾರಣ ತಂಡಗಳ ಜೊತೆಗೆ ಮೈಕ್‌ಸೆಟ್ಟು, ಕುರ್ಚಿಗಳೂ ಸಿಗುವುದು ಕಷ್ಟ. ಪಿತೃಪಕ್ಷದಲ್ಲಿ ಊರಿನ ಜನ ಹಿಂಜರಿಯುತ್ತಾರೆ. ಇವೆಲ್ಲವನ್ನೂ ಕಳೆದರೆ, ಚಿಕ್ಕಲ್ಲೂರು ಜಾತ್ರೆ ಮುಗಿದು ಶಿವರಾತ್ರಿಗೆ ಇನ್ನೂ ಎರಡು ವಾರವಿರುವ ಅವಧಿಯೇ ನನಗೆ ಅತ್ಯಂತ ಅನುಕೂಲವೆಂದು ತೋರಿದೆ. ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದಿರುತ್ತದೆ, ಮಳೆಯ ಭಯವಿರುವುದಿಲ್ಲ. ಆ ಅವಧಿಯಲ್ಲಿ ನಿಮ್ಮ ಕಾಲೇಜಿಗೆ ಪರೀಕ್ಷೆಯಿಲ್ಲವೆಂದು ಖಚಿತಪಡಿಸಿಕೊಂಡು ಒಂದು ಶನಿವಾರವನ್ನು ಆರಿಸಿ.

ಜಾಗ ಮತ್ತು ಅನುಮತಿ

ಮಂಡ್ಯದಲ್ಲಿ ಕಲಾಮಂದಿರ, ಗಾಂಧಿ ಭವನಗಳಂಥ ಸಭಾಂಗಣಗಳಿವೆ. ಹಾಡಿಕೆಗೆ ಅವು ಒಪ್ಪುತ್ತವೆ. ಕುಣಿತವೂ ಸೇರಿದ್ದರೆ ಕಾಲೇಜಿನ ಅಂಗಳ ಅಥವಾ ಬಡಾವಣೆಯ ಉದ್ಯಾನದ ಬದಿಯ ಬಯಲು ವಾಸಿ. ಕಲ್ಯಾಣ ಮಂಟಪಗಳನ್ನು ನಾನು ಎಂದೂ ಸೂಚಿಸುವುದಿಲ್ಲ. ಗ್ರಾನೈಟ್ ನೆಲ, ಟೈಲ್ಸಿನ ಗೋಡೆಗಳಿಗೆ ತಾಗಿ ಕಂಸಾಳೆಯ ಕಂಚಿನ ದನಿ ಮರುಮೊಳಗಿದಾಗ ಪದದ ಒಂದಕ್ಷರವೂ ತಿಳಿಯುವುದಿಲ್ಲ.

ಧ್ವನಿವರ್ಧಕ ಬಳಸಲು ಪೊಲೀಸರ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿರುವುದರಿಂದ, ನೀವು ಆರಿಸಿದ ಅಂಗಳ ಅಂಥ ವಲಯಕ್ಕೆ ಸೇರುತ್ತದೆಯೇ ಎಂಬುದನ್ನು ಠಾಣೆಯಲ್ಲಿ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಮನವಿಯಲ್ಲಿ ದಿನ, ಆರಂಭ ಮತ್ತು ಮುಕ್ತಾಯದ ಸಮಯ, ಜಾಗದ ಒಡೆತನದವರ ಒಪ್ಪಿಗೆ ಪತ್ರ, ನಿರೀಕ್ಷಿತ ಜನಸಂಖ್ಯೆ, ಜವಾಬ್ದಾರಿ ಹೊತ್ತ ಇಬ್ಬರ ಸಹಿ ಇರಲಿ. ಎರಡು ವಾರ ಮುಂಚೆ ಕೊಟ್ಟರೆ ಕೊನೆಯ ದಿನ ಓಡಾಡುವುದು ತಪ್ಪುತ್ತದೆ. ಉದ್ಯಾನ ಅಥವಾ ರಸ್ತೆಬದಿಯಾದರೆ ನಗರಸಭೆಯ ಒಪ್ಪಿಗೆಯೂ, ಬೇರೆ ವಿದ್ಯುತ್ ಸಂಪರ್ಕ ಬೇಕಾದರೆ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕದ ಅರ್ಜಿಯೂ ಬೇಕು. ಕಂಬದಿಂದ ನೇರವಾಗಿ ತಂತಿ ಎಳೆಯಲು ಯಾರೇ ಹೇಳಿದರೂ ಒಪ್ಪಬೇಡಿ.

ಹಣದ ವಿಷಯ ಇಷ್ಟೇ: ಒಟ್ಟು ವೆಚ್ಚದಲ್ಲಿ ಅರ್ಧಕ್ಕಿಂತ ಕಡಿಮೆ ಕಲಾವಿದರಿಗೆ ಹೋಗುವಂತಿದ್ದರೆ ಯೋಜನೆಯನ್ನು ಮತ್ತೆ ಬರೆಯಿರಿ. ಒಬ್ಬ ದೊಡ್ಡ ದಾನಿಗಿಂತ ಮೂವತ್ತು ಜನರ ಚಿಕ್ಕ ವಂತಿಗೆ ಮೇಲು. ಒಬ್ಬರೇ ಪೂರ್ತಿ ಖರ್ಚು ಹೊತ್ತರೆ ಮೈಕ್ ಕೂಡ ಅವರ ಕೈಗೇ ಹೋಗುತ್ತದೆ.

ಮೈಕು, ಬೆಳಕು, ಕೂರುವ ಜಾಗ

ಮೈಕ್‌ಸೆಟ್‌ನವರು ಸಾಮಾನ್ಯವಾಗಿ ಆರ್ಕೆಸ್ಟ್ರಾಗಳಿಗೆ ಹೊಂದಿಕೊಂಡವರು. ಅವರೊಂದಿಗೆ ಮುಂಚಿತವಾಗಿ ಕುಳಿತು ಮಾತನಾಡದಿದ್ದರೆ ತಮಟೆಗೂ ಮೈಕಿಟ್ಟು, ಹಾಡುವವರ ದನಿಗೆ ಎಕೋ ಹಾಕಿಬಿಡುತ್ತಾರೆ. ತಮಟೆ ಮತ್ತು ನಗಾರಿಗೆ ಇನ್ನೂರು ಜನರ ಅಂಗಳದಲ್ಲಿ ಮೈಕೇ ಬೇಡ. ತಂಬೂರಿಯ ನಾದ ಮೆಲುವಾದ್ದರಿಂದ ಅದರ ಹತ್ತಿರಕ್ಕೆ ಒಂದು, ಮುಂದಾಳು ಗಾಯಕರಿಗೆ ಒಂದು, ಹಿಮ್ಮೇಳಕ್ಕೆ ಒಂದು ಅಥವಾ ಎರಡು, ಇಷ್ಟೇ ಸಾಕು. ಎಕೋ ಪೂರ್ತಿ ತೆಗೆಸಿ. ಕಾರ್ಯಕ್ರಮಕ್ಕೆ ಮೊದಲು ಹತ್ತು ನಿಮಿಷ ಮೇಳದವರನ್ನೇ ಹಾಡಿಸಿ, ಕೊನೆಯ ಸಾಲಿನ ಕುರ್ಚಿಯಲ್ಲಿ ನೀವೇ ಕುಳಿತು ಪದಗಳು ತಿಳಿಯುತ್ತವೆಯೇ ನೋಡಿ. ಬಡಿತದ ಜೋರಿಗಿಂತ ಮಾತು ತಿಳಿಯುವುದು ಮುಖ್ಯ, ಏಕೆಂದರೆ ಬೇರೆ ಜಿಲ್ಲೆಗಳಿಂದ ಬಂದ ವಿದ್ಯಾರ್ಥಿಗಳಿಗೆ ಈ ಸೀಮೆಯ ನುಡಿಗಟ್ಟು ಮೊದಲೇ ಹೊಸದು.

ಬಣ್ಣ ಬದಲಿಸುವ ದೀಪಗಳು, ಹೊಗೆ ಉಗುಳುವ ಯಂತ್ರಗಳು ಬೇಡ. ಹಾಡುವವರ ಮುಖಕ್ಕೆ ಬೀಳುವ, ಕಣ್ಣಿಗೆ ಚುಚ್ಚದ ಎರಡು ಫೋಕಸ್ ಲೈಟು ಸಾಕು. ವೇದಿಕೆ ಎರಡಡಿಗಿಂತ ಎತ್ತರವಿರದಿರಲಿ. ಮುಂದೆ ಜಮಖಾನ ಹಾಸಿ ಮಕ್ಕಳನ್ನೂ ವಿದ್ಯಾರ್ಥಿಗಳನ್ನೂ ಕೂರಿಸಿ, ಹಿಂದೆ ಹಿರಿಯರಿಗೆ ಕುರ್ಚಿ ಹಾಕಿ. ಗಣ್ಯರಿಗೆಂದು ಮೊದಲ ಸಾಲಿನಲ್ಲಿ ಸೋಫಾ ಇಟ್ಟು ಅದು ಖಾಲಿ ಉಳಿದರೆ ಹಾಡುವವರ ಕಣ್ಣೆದುರು ದೊಡ್ಡ ಹಳ್ಳವಿದ್ದಂತೆ ಕಾಣುತ್ತದೆ. ಕಲಾವಿದರಿಗೆ ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ, ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇವೆಯೇ ಎಂಬುದನ್ನು ಹಿಂದಿನ ದಿನವೇ ಸ್ವತಃ ಹೋಗಿ ನೋಡಬೇಕು. ಬೀಗದ ಕೈ ಯಾರ ಬಳಿ ಇದೆಯೆಂಬ ಪ್ರಶ್ನೆ ಸಂಜೆ 6 ಗಂಟೆಗೆ ಏಳಬಾರದು.

ಜನರಿಗೆ ತಿಳಿಸುವುದು

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದಲೇ ನಿಷೇಧವಿದೆ. ಬಟ್ಟೆಯ ಬ್ಯಾನರ್ ಬರೆಸಿ. ಅದರಲ್ಲಿ ಅತಿಥಿಗಳ ಭಾವಚಿತ್ರಗಳ ಬದಲು ಕಲಾವಿದರ ಹೆಸರು, ಅವರ ಊರು, ಹಾಡುವ ಕಥೆಯ ಹೆಸರು ದೊಡ್ಡದಾಗಿರಲಿ. ಕಾಲೇಜುಗಳ ಸೂಚನಾ ಫಲಕ, ಬಸ್ ನಿಲ್ದಾಣದ ಹೋಟೆಲುಗಳು, ಗ್ರಂಥಾಲಯ, ದಿನಪತ್ರಿಕೆಯೊಳಗೆ ಇಟ್ಟು ಹಂಚುವ ಕರಪತ್ರ, ವಾಟ್ಸಾಪ್ ಇವೆಲ್ಲ ಎಲ್ಲರಿಗೂ ಗೊತ್ತಿರುವ ದಾರಿಗಳೇ. ಕಡೆಗಣಿಸಲಾಗುವ ಒಂದು ದಾರಿ ಹಾಸ್ಟೆಲು. ಹುಡುಗಿಯರ ಹಾಸ್ಟೆಲುಗಳಲ್ಲಿ ಒಳಬರುವ ಹೊತ್ತು ಕಟ್ಟುನಿಟ್ಟಾಗಿರುವುದರಿಂದ, ವಾರ್ಡನ್‌ರಿಗೆ ಒಂದು ವಾರ ಮುಂಚೆ ಕಾಲೇಜಿನ ಪತ್ರ ಕೊಟ್ಟು, ಯಾವ ಅಧ್ಯಾಪಕಿ ಜೊತೆಗಿರುತ್ತಾರೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತಾರೆ ಎಂಬುದನ್ನು ಬರೆದು ಒಪ್ಪಿಗೆ ಪಡೆದರೆ ಸಭೆಯ ಅರ್ಧ ಭಾಗ ಅಲ್ಲಿಂದಲೇ ಬರುತ್ತದೆ. ಕಲಾವಿದರ ಊರಿನವರಿಗೂ ಕರೆ ಹೋಗಬೇಕು. ತಮ್ಮ ಊರಿನ ಹತ್ತು ಜನ ಎದುರಿಗೆ ಕುಳಿತು ತಲೆದೂಗುತ್ತಿದ್ದರೆ ಹಾಡುವವರ ಕಂಠವೇ ಬೇರೆಯಾಗುತ್ತದೆ.

ಆ ಸಂಜೆಯ ಕ್ರಮ

ಕಲಾವಿದರು 4 ಗಂಟೆಗೆ ಬರುವಂತೆ ವಾಹನ ಕಳುಹಿಸಿ. ಬಂದ ಕೂಡಲೇ ಕಾಫಿ, ಉಪ್ಪಿಟ್ಟು ಕೊಟ್ಟು, ಒಪ್ಪಿದ ಸಂಭಾವನೆಯ ಉಳಿಕೆಯನ್ನು ಆಗಲೇ ಲಕೋಟೆಯಲ್ಲಿ ಮೇಳದ ಯಜಮಾನರ ಕೈಗೆ ಒಪ್ಪಿಸಿ ರಸೀದಿಗೆ ಸಹಿ ಪಡೆಯಿರಿ. ಕಾರ್ಯಕ್ರಮ ಮುಗಿದ ಮೇಲೆ ಖಜಾಂಚಿ ಎಲ್ಲಿ ಎಂದು ಕತ್ತಲಲ್ಲಿ ಹುಡುಕುವ ಸ್ಥಿತಿ ಹಿರಿಯ ಕಲಾವಿದರೊಬ್ಬರಿಗೂ ಬರಬಾರದು. ಚೆಕ್ಕು ಅಥವಾ ಮೊಬೈಲಿನ ಪಾವತಿ ಅನಿವಾರ್ಯವಾದರೆ ವೀಳ್ಯ ಕೊಡುವ ದಿನವೇ ತಿಳಿಸಿರಬೇಕು.

5.30ಕ್ಕೆ ಅಂಗಳದ ಹೊರಗೆ ತಮಟೆ ಶುರುವಾಗಲಿ. ಆ ಬಡಿತಕ್ಕೆ ಬೀದಿಯ ಜನ ತಾವಾಗಿ ಬರುತ್ತಾರೆ. 6ಕ್ಕೆ ಪೂಜಾ ಕುಣಿತ ಅಂಗಳದೊಳಗೆ ಬಂದು ಮುಕ್ಕಾಲು ಗಂಟೆ ನಡೆಯಲಿ. ಸಭೆಯೆಂಬುದು ಅದರ ನಂತರ, ಹದಿನೈದು ನಿಮಿಷ ಮಾತ್ರ. ಒಬ್ಬರು ಸ್ವಾಗತಿಸಲಿ, ಬಲ್ಲವರೊಬ್ಬರು ಈಗ ಹಾಡಲಿರುವ ಸಾಲಿನ ಕಥೆಯನ್ನೂ ಅದರಲ್ಲಿ ಬರುವ ಕೆಲವು ಕಠಿಣ ಪದಗಳನ್ನೂ ಏಳೆಂಟು ನಿಮಿಷದಲ್ಲಿ ವಿವರಿಸಲಿ, ಇನ್ನೊಬ್ಬರು ಮೇಳದ ಪ್ರತಿಯೊಬ್ಬರ ಹೆಸರನ್ನೂ ಊರನ್ನೂ ಓದಲಿ. ಹಾರ ಶಾಲುಗಳಿದ್ದರೆ ಅವು ಕಲಾವಿದರಿಗೆ. ರಾಜಕಾರಣಿಗಳೋ ಅಧಿಕಾರಿಗಳೋ ಬಂದರೆ ಗೌರವದಿಂದ ಮುಂದೆ ಕೂರಿಸಿ, ಮಾತನಾಡಲು ಕರೆಯುವುದಿಲ್ಲವೆಂಬುದನ್ನು ಆಹ್ವಾನ ಕೊಡುವಾಗಲೇ ವಿನಯದಿಂದ ತಿಳಿಸಿ. ಹೆಚ್ಚಿನವರು ಇದನ್ನು ಸಂತೋಷದಿಂದಲೇ ಒಪ್ಪುತ್ತಾರೆ. 7ಕ್ಕೆ ಆರಂಭವಾದ ಹಾಡಿಕೆ 8.45ರವರೆಗೆ ನಡುವೆ ಯಾವ ಪ್ರಕಟಣೆಯೂ ಇಲ್ಲದೆ ಸಾಗಬೇಕು. ಕಾರು ಅಡ್ಡ ನಿಂತಿದೆಯೆಂಬ ಸೂಚನೆಗೂ ಹಾಡನ್ನು ನಿಲ್ಲಿಸಬೇಡಿ, ಒಬ್ಬ ಸ್ವಯಂಸೇವಕ ಹೋಗಿ ಹುಡುಕಲಿ.

ಮೊಬೈಲು ಎತ್ತಿ ಹಿಡಿದು ವೇದಿಕೆಯ ಮುಂದೆ ನಿಲ್ಲುವವರನ್ನು ತಡೆಯಲು ಇಬ್ಬರನ್ನು ನೇಮಿಸಿ. ಪೂರ್ತಿ ಕಾರ್ಯಕ್ರಮವನ್ನು ಒಂದೇ ಕಡೆಯಿಂದ, ಕಲಾವಿದರ ಒಪ್ಪಿಗೆ ಪಡೆದು, ನೀವೇ ಚಿತ್ರೀಕರಿಸಿ. ಅಂತರ್ಜಾಲದಲ್ಲಿ ಹಾಕುವುದಿದ್ದರೆ ಅದನ್ನೂ ಮೊದಲೇ ಕೇಳಿರಬೇಕು. ಈ ಹಾಡುಗಳು ಅವರ ಗುರುಮನೆಯಿಂದ ಬಂದ ಆಸ್ತಿ, ಕೆಲವು ಭಾಗಗಳನ್ನು ಹೊರಗೆ ಹಂಚಲು ಅವರು ಇಚ್ಛಿಸದಿರಬಹುದು.

9 ಗಂಟೆಗೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ ಇಷ್ಟಾದರೂ ಸಾಕು. ವಿದ್ಯಾರ್ಥಿಗಳು ಕಲಾವಿದರ ಪಕ್ಕದಲ್ಲೇ ಕುಳಿತು ಉಣ್ಣುವ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳಿಗೆ ಸಿಗುವ ಉತ್ತರಗಳು ಯಾವ ವಿಚಾರ ಸಂಕಿರಣದಲ್ಲಿಯೂ ಸಿಗುವುದಿಲ್ಲ. ತಂಬೂರಿ ಯಾರಿಂದ ಬಂತು, ಮೊದಲು ಹಾಡಿದ್ದು ಎಲ್ಲಿ, ಮಗನಿಗೆ ಕಲಿಸಿದ್ದೀರಾ ಎಂಬ ಮೂರು ಪ್ರಶ್ನೆಗಳಿಂದ ಆರಂಭಿಸಿದರೆ ಉಳಿದದ್ದು ತಾನಾಗಿ ಬರುತ್ತದೆ. 10ರೊಳಗೆ ಮೇಳವನ್ನು ವಾಹನದಲ್ಲಿ ಹತ್ತಿಸಿ, ಜೊತೆಗೆ ಒಬ್ಬರನ್ನು ಕಳುಹಿಸಿ, ಅವರು ಮನೆ ತಲುಪಿದರೆಂದು ಫೋನ್ ಬಂದ ಮೇಲೆ ನೀವು ಅಂಗಳದ ದೀಪ ಆರಿಸಿ.

ಮಾರನೆಯ ವಾರ

ಬೆಳಿಗ್ಗೆ ಅಂಗಳವನ್ನು ಗುಡಿಸಿ ಒಪ್ಪಿಸುವುದು, ಮೂರು ದಿನದೊಳಗೆ ಜಮಾಖರ್ಚನ್ನು ವಂತಿಗೆ ಕೊಟ್ಟವರೆಲ್ಲರಿಗೂ ತೋರಿಸುವುದು, ಅನುಮತಿ ಕೊಟ್ಟ ಕಚೇರಿಗಳಿಗೆ ಒಂದು ಸಾಲಿನ ಧನ್ಯವಾದ ಪತ್ರ ಬರೆಯುವುದು ಇವು ಬೇಗ ಮುಗಿಯುವ ಕೆಲಸಗಳು. ಹಾಡಿದ ಸಾಲನ್ನು ಧ್ವನಿಮುದ್ರಣದಿಂದ ಕೇಳಿ ಬರೆದಿಡುವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಕನ್ನಡ ಐಚ್ಛಿಕ ಓದುವ ಇಬ್ಬರು ಮೂವರು ವಿದ್ಯಾರ್ಥಿಗಳು ಹಂಚಿಕೊಂಡು, ಉಚ್ಚಾರಣೆಯನ್ನು ತಿದ್ದದೆ, ಹಾಡಿದಂತೆಯೇ ಬರೆಯಲಿ. ತಿಳಿಯದ ಪದಗಳಿಗೆ ಗೆರೆ ಎಳೆದಿಟ್ಟುಕೊಂಡು, ಇನ್ನೊಂದು ಭಾನುವಾರ ಮೇಳದ ಊರಿಗೆ ಹೋಗಿ, ಚಿತ್ರೀಕರಣದ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿಯೂ ಕೆಲವು ಛಾಯಾಚಿತ್ರಗಳನ್ನು ಕಾಗದದಲ್ಲಿ ಮುದ್ರಿಸಿಯೂ ಅವರ ಕೈಗೆ ಕೊಟ್ಟು, ಜಗಲಿಯ ಮೇಲೆ ಕುಳಿತು ಆ ಪದಗಳನ್ನು ಒಂದೊಂದಾಗಿ ಕೇಳಿ. ತಿದ್ದಿದ ಬರಹದ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ, ಹಾಡಿದವರ ಹೆಸರಿನಲ್ಲಿಯೇ ಸೇರಲಿ.